ಕಿಟಕಿ ಏಸಿ ಮೀಮಾಂಸೆ: ಕಾಫಿ ಸೀಮೆಯ ಮನೆ ಮಾಲೀಕರ ಮತಾನುಸಾರ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಬಾಡಿಗೆ ಕರಾರುಗಳಲ್ಲಿ ನಾಯಿ, ಮೀನು, ಗೋಡೆಗೆ ಹೊಡೆಯುವ ಮೊಳೆ ಇವುಗಳ ಬಗ್ಗೆ ವಿಪುಲ ಸಾಹಿತ್ಯವಿದೆ. ಕಿಟಕಿ ಏಸಿಯ ಬಗ್ಗೆ ಒಂದಕ್ಷರವಿಲ್ಲ. ಕಂಬಳಿ ಹೊದ್ದು ಮಲಗುವ ಊರಿಗೆ ತಂಪು ಮಾಡುವ ಯಂತ್ರವನ್ನು ಯಾರಾದರೂ ಹೊತ್ತು ತಂದಾರೆಂದು ಪೂರ್ವಸೂರಿಗಳು ಊಹಿಸಿರಲಿಲ್ಲ. ರಾಯಚೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಲಾರಿಯಿಂದ ಒಂದೂವರೆ ಟನ್ನಿನ ಪೆಟ್ಟಿಗೆ ಇಳಿಸಿದಾಗ ಮಾಲೀಕರು ಕೇಳಿದ್ದು ಇಷ್ಟೇ: "ಎಂತಕ್ಕೆ ಮಾರಾಯ್ರೆ?" ಈ ಶಾಸ್ತ್ರದ ಮೂಲಸೂತ್ರ ಇದೇ. ಮಿಕ್ಕಿದ್ದೆಲ್ಲ ವ್ಯಾಖ್ಯಾನ.

ಟನ್ನು ಎಂದ ಕೂಡಲೇ ಮಾಲೀಕರು ಮಹಡಿಯ ಸ್ಲ್ಯಾಬಿನತ್ತ ನೋಡುವುದು ಸಹಜ. ಅದು ತೂಕವಲ್ಲ; ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖದ ಅಳತೆ. ಇದನ್ನು ವಿವರಿಸಿದ ಮೇಲೂ ಮಾಲೀಕರು ಸ್ಲ್ಯಾಬಿನ ಕಡೆಗೇ ನೋಡುತ್ತಿರುತ್ತಾರೆ.

ಪೂರ್ವಪಕ್ಷ ಬಾಡಿಗೆದಾರನದು: ಮುಳ್ಳಯ್ಯನಗಿರಿ 1930 ಮೀಟರ್ ಎತ್ತರವಿದ್ದರೇನು, ಏಪ್ರಿಲ್ ಮಧ್ಯಾಹ್ನದಲ್ಲಿ ಅದು ತಾರಸಿ ಮನೆಗೆ ನೆರಳು ಕೊಡುವುದಿಲ್ಲ. ಉತ್ತರಪಕ್ಷ ಮಾಲೀಕರದು: ನಮ್ಮ ಅಜ್ಜನ ಕಾಲಕ್ಕೆ ಫ್ಯಾನೂ ಇರಲಿಲ್ಲ. ಅವರದೇ ಮನೆಯ ಕೋಣೆಕೋಣೆಯಲ್ಲೂ ಈಗ ಫ್ಯಾನು ತಿರುಗುತ್ತಿದೆಯಲ್ಲ ಎಂದರೆ, ಅದು ಸೆಖೆಗಲ್ಲ, ಸೊಳ್ಳೆಗೆ.

ಮುಚ್ಚಿಗೆಯಿಲ್ಲದ ಹೆಂಚಿನ ಮನೆಗೆ ಏಸಿ ವರ್ಜ್ಯ. ಇದರಲ್ಲಿ ಮತಭೇದವಿಲ್ಲ. ತಂಪೆಲ್ಲ ಹೆಂಚಿನ ಸಂದಿಯಿಂದ ಹೊರಟುಹೋಗಿ ತೋಟವನ್ನು ತಂಪು ಮಾಡುತ್ತದೆ. ತೋಟಕ್ಕೆ ಅದು ಬೇಕಾಗಿಲ್ಲ.

ನಿಜವಾದ ತರ್ಕ ಶುರುವಾಗುವುದು ಕಿಟಕಿಯ ಸರಳು ಕೊಯ್ಯುವಲ್ಲಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಮಾಲೀಕರ ಒಪ್ಪಿಗೆಯಿಲ್ಲದೆ ಬಾಡಿಗೆದಾರ ಶಾಶ್ವತ ಕಟ್ಟಡ ಎಬ್ಬಿಸುವಂತಿಲ್ಲ. ತೂತು ಕಟ್ಟಡವಲ್ಲ, ಕಟ್ಟಡದ ಅಭಾವ ಎಂಬುದು ಬಾಡಿಗೆದಾರನ ವಾದ. ಆದರೆ ಅಭಾವವೂ ಒಂದು ಪದಾರ್ಥ ಎಂದು ವೈಶೇಷಿಕರು ಎಂದೋ ಒಪ್ಪಿಯಾಗಿದೆ. ಅದರಲ್ಲಿ ನಾಲ್ಕು ಬಗೆ. ತೂತು ಕೊರೆಯುವ ಮುಂಚಿನದು ತೂತಿನ ಪ್ರಾಗಭಾವ. ಕೊಯ್ದು ಬಿಸಾಡಿದ ಸರಳಿನದು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಮಾಲೀಕರ ಲಿಖಿತ ಒಪ್ಪಿಗೆ ಮೂರು ಕಾಲಕ್ಕೂ ಇಲ್ಲದ್ದರಿಂದ ಅತ್ಯಂತಾಭಾವ. ಅಡ್ವಾನ್ಸಿನಲ್ಲಿ ಮುರಿದುಕೊಂಡ ರಿಪೇರಿ ಖರ್ಚು ಮತ್ತು ಬಡಗಿಗೆ ಕೊಟ್ಟ ಮಜೂರಿ ಒಂದರಂತೆ ಇನ್ನೊಂದಿಲ್ಲದಿರುವುದು ಅನ್ಯೋನ್ಯಾಭಾವ. ಮನೆ ಬಿಡುವಾಗ ಹಾಕಿಸಿಕೊಂಡದ್ದನ್ನು ಒಯ್ಯಬಹುದು, ಆದರೆ ಮನೆಯನ್ನು ಮೊದಲಿದ್ದಂತೆಯೇ ಬಿಡಬೇಕು ಎಂದೂ ಅದೇ ಕಲಂ ಹೇಳುತ್ತದೆ. ಮಾಲೀಕರಿಗೆ ಈ ಎರಡನೇ ಅರ್ಧ ಮಾತ್ರ ಕಂಠಪಾಠವಿರುತ್ತದೆ.

ಕಾಲನಿರ್ಣಯ ಸುಲಭ. ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆನ್ನುವ 1908ರ ಕಾಯ್ದೆಯ ದೆಸೆಯಿಂದ ಕರಾರು 11 ತಿಂಗಳದ್ದು. ಮಳೆಗಾಲ, ಚಳಿಗಾಲ, ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದ ದಿನಗಳು ಇಷ್ಟನ್ನು ಕಳೆದರೆ ಏಸಿಗೆ ಉಳಿಯುವುದು ಹೂಮಳೆಯ ಆಚೀಚಿನ ಎರಡು ತಿಂಗಳು. ಹೊಸ ಏಸಿ ಆನ್ ಮಾಡಿದರೆ 24 ಡಿಗ್ರಿಯಿಂದಲೇ ಶುರುವಾಗಬೇಕೆಂದು 2020ರ ಜನವರಿಯಿಂದ ಕೇಂದ್ರದ ನಿಯಮ. ಜುಲೈನ ಕಳಸದಲ್ಲಿ 24 ಡಿಗ್ರಿಯೆಂದರೆ ಬಿಸಿಲು ಕಾಯಿಸುವುದು.

ಈಗ ನೀರು. ಏಸಿಯ ಹಿಂಭಾಗ ತುಸು ತಗ್ಗಿರಬೇಕು, ಇಲ್ಲವಾದರೆ ಗಾಳಿಯಿಂದ ಇಳಿದ ನೀರು ಒಳಗೇ ತೊಟ್ಟಿಕ್ಕುತ್ತದೆ. ತಗ್ಗಿದ್ದರೆ ಕಾಫಿ ಒಣಹಾಕಿದ ಕಣದ ಮೇಲೆ ತೊಟ್ಟಿಕ್ಕುತ್ತದೆ. ಪಾರ್ಚ್‌ಮೆಂಟನ್ನು ಶೇ 10ರ ತೇವಕ್ಕೆ ಇಳಿಸಲು ಬಿಸಿಲಿನ ಕಾಲು ಹಿಡಿಯುವ ಮಾಲೀಕರಿಗೆ ಇದು ಕ್ಷಮಾರ್ಹವಲ್ಲ. ಪೈಪು ಹಾಕಿ ಬಕೆಟ್ಟಿಗೆ ಬಿಟ್ಟರೆ ಆ ನೀರು ಯಾರದೆಂಬ ಪ್ರಶ್ನೆ. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇನೆಂದು ಮಾಲೀಕರು ಅದರ ಮೇಲೆ ಹಕ್ಕು ಸ್ಥಾಪಿಸುತ್ತಾರೆ. ಅದು ಡಿಸ್ಟಿಲ್ಡ್ ವಾಟರ್ ಅಲ್ಲ, ಕಾಯಿಲಿನ ಲೋಹ, ಧೂಳು ಎಲ್ಲ ಅದರಲ್ಲಿರುತ್ತದೆ ಎಂದು ಹೇಳುವ ಧೈರ್ಯವನ್ನು ಬಾಡಿಗೆದಾರ ಮಾಡುವುದಿಲ್ಲ.

ಬಕೆಟ್ಟು ತುಂಬುವುದನ್ನು ಕಂಡಾಗಲೇ ಶಾಸ್ತ್ರ ತಿರುವು ಪಡೆಯಿತು. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಏಸಿಯನ್ನು ರೂಪಿಸಿದ್ದು ಸೆಖೆ ತಾಳದ ಮನುಷ್ಯರಿಗಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಅಚ್ಚುಕೂಟವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದವು, ಅದಕ್ಕೆ. ಅಂದರೆ ಯಂತ್ರದ ಮೂಲಧರ್ಮ ತೇವ ತೆಗೆಯುವುದು. ಆರಿದ್ರಾ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮಿಗೆಲ್ಲ ಬೂಷ್ಟು ಬರುವ, ಬಚ್ಚಲೊಲೆಯ ಮೇಲೆ ಬಟ್ಟೆ ನೇತುಹಾಕಿ ಹೊಗೆಯ ವಾಸನೆಯಲ್ಲೇ ಮಕ್ಕಳನ್ನು ಶಾಲೆಗೆ ಕಳಿಸುವ ಸೀಮೆಗೆ ಇದಕ್ಕಿಂತ ತಕ್ಕ ಯಂತ್ರವುಂಟೆ? ಹೊರಗೆ ಚಳಿ ಹೆಚ್ಚಿದ್ದರೆ ಕಾಯಿಲಿಗೆ ಮಂಜುಗಡ್ಡೆ ಕಟ್ಟುವುದುಂಟು. ಅದು ಸಣ್ಣ ಆಕ್ಷೇಪ.

ಆದ್ದರಿಂದ ಪರಿಷ್ಕೃತ ಕರಾರಿನ ಕೊನೆಯ ಷರತ್ತು: ಏಸಿಗೆ ಬೇಕಾದ 16 ಆಂಪಿಯರ್ ಪ್ಲಗ್ಗು, ಅರ್ತಿಂಗು, ಸ್ಟೆಬಿಲೈಸರ್ ಬಾಡಿಗೆದಾರನ ಖರ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಲೀಕರ ಮನೆಯ ಒದ್ದೆ ಬಟ್ಟೆಗಳನ್ನು ಏಸಿ ಇರುವ ಕೋಣೆಯಲ್ಲಿ ಒಣಹಾಕಲು ಬಾಡಿಗೆದಾರನು ತಕರಾರು ಮಾಡಕೂಡದು. ಕರೆಂಟ್ ಬಿಲ್ಲಿಗೂ ಮಾಲೀಕರಿಗೂ ಸಂಬಂಧವಿರುವುದಿಲ್ಲ.