ಸೀಸನ್ ಸ್ವಾಮಿ

ಸಿಂಗಸಂದ್ರದಲ್ಲಿ ಮನೆ ಬಾಡಿಗೆಗೆ ಕೊಡುವವರು ಮೂರು ಪ್ರಶ್ನೆ ಕೇಳುವುದು ವಾಡಿಕೆ. ವೆಜ್ಜಾ ನಾನ್‌ವೆಜ್ಜಾ? ಬ್ಯಾಚುಲರಾ ಫ್ಯಾಮಿಲಿಯಾ? ಯಾವ ಕಂಪನಿ? ಇನ್ನು ಮೇಲೆ ನಾನು ನಾಲ್ಕನೆಯದೊಂದನ್ನು ಸೇರಿಸಿಕೊಳ್ಳುವವನಿದ್ದೇನೆ: ‘ಬ್ಯಾರಿ ಆಲನ್ ಯಾರನ್ನು ಮದುವೆ ಆಗಬೇಕಿತ್ತು ಅನ್ನೋದರ ಬಗ್ಗೆ ನಿಮಗೆ ಅಭಿಪ್ರಾಯ ಏನಾದರೂ ಇದೆಯಾ?’ ಇದೆ ಅಂದರೆ, ಎಷ್ಟು ಅಡ್ವಾನ್ಸ್ ಕೊಟ್ಟರೂ ಮನೆ ಇಲ್ಲ.

ಬ್ಯಾರಿ ಆಲನ್ ಯಾರೆಂದು ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ‘ದಿ ಫ್ಲ್ಯಾಶ್’ ಎಂಬ ಅಮೆರಿಕದ ಧಾರಾವಾಹಿಯ ನಾಯಕ ಅವನು. 2014ರ ಅಕ್ಟೋಬರಿನಿಂದ 2023ರ ಮೇವರೆಗೆ ಒಂಬತ್ತು ಸೀಸನ್, 184 ಕಂತು. ಪೊಲೀಸ್ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗನಿಗೆ ಸಿಡಿಲು ಬಡಿದು, ಒಂಬತ್ತು ತಿಂಗಳು ಎಚ್ಚರ ತಪ್ಪಿ ಮಲಗಿ, ಎದ್ದಾಗ ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುವ ಶಕ್ತಿ ಬಂದಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಆಯುಷ್ಯ ಸವೆಸಿದ ನಮ್ಮ ಕಡೆಯ ಹುಡುಗರಿಗೆ ಇಂಥವನು ಯಾಕೆ ಹಿಡಿಸಿದ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ಮೇಲಿನ ಮನೆಯವನಿಗೆ ಅವನ ಓಟ ಬೇಕಿಲ್ಲ; ಅವನ ಸಂಸಾರ ಬೇಕು.

ಹುಡುಗನ ನಿಜವಾದ ಹೆಸರು ಇಲ್ಲಿ ಬೇಡ. ತಿಪಟೂರು ಕಡೆಯ ಮರ್ಯಾದಸ್ಥರ ಮನೆ. ನಮ್ಮ ಬೀದಿಯಲ್ಲಿ ಅವನು ಸೀಸನ್ ಸ್ವಾಮಿ. ಕಾಲವನ್ನು ಅವನು ಎಣಿಸುವುದೇ ಹಾಗೆ. ‘ಅಂಕಲ್, ನಾನು ನಿಮ್ಮನೆಗೆ ಬಂದಿದ್ದು ಸೀಸನ್ ಐದರಲ್ಲಲ್ವಾ?’ ಎನ್ನುತ್ತಾನೆ. ನಾನು ಬಾಡಿಗೆ ಕರಾರುಪತ್ರ ತೆಗೆದು ನೋಡಿದರೆ 2018ರ ನವೆಂಬರ್. ಅವನ ಲೆಕ್ಕ ಸರಿಯಾಗಿಯೇ ಇರುತ್ತದೆ, ಅದೇ ಸಿಟ್ಟು ಬರುವುದು.

ಈ ಜಾತಿಯವರು ಕೂಡ್ಲು ಗೇಟಿನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಪ್ರತಿ ಟೀ ಅಂಗಡಿಯ ಮುಂದೆ ಸಿಗುತ್ತಾರೆ. ಬೆನ್ನಿಗೆ ಕಂಪನಿಯ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು. ‘ಸ್ಪಾಯ್ಲರ್ ಹೇಳಲ್ಲ’ ಎಂದು ಆಣೆ ಇಟ್ಟು, ಸಾಯುವ ಪಾತ್ರದ ಹೆಸರು ಬಂದಾಗಲೆಲ್ಲ ಮುಖ ಸಣ್ಣದು ಮಾಡಿಕೊಂಡು ಎಲ್ಲವನ್ನೂ ಹೇಳಿಬಿಡುತ್ತಾರೆ. ಪಾತ್ರಗಳು ಗೆದ್ದರೆ ‘ನಾವು ಗೆದ್ದೆವು’, ಎಡವಿದರೆ ‘ರೈಟರ್ಸ್ ಹಾಳು ಮಾಡಿದ್ರು’. ಈ ‘ರೈಟರ್ಸ್’ ಎಂಬ ಮಾತನ್ನು ಸ್ವಾಮಿ ಉಚ್ಚರಿಸುವ ಧಾಟಿಯನ್ನು ಕೇಳಬೇಕು: ಪೇಂಟಿಂಗ್ ಖರ್ಚು ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡ ಓನರ್ ಬಗ್ಗೆ ಬಾಡಿಗೆದಾರ ಮಾತಾಡುವ ಹಾಗೆ. (ನಾನೂ ಓನರೇ. ಆ ಮಾತು ಅಲ್ಲಿಗೇ ಇರಲಿ.)

ವೃತ್ತಿಯಲ್ಲಿ ಸ್ವಾಮಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವನು, ಸಂಜೆ ಅದನ್ನೇ ಪುಕ್ಕಟೆಯಾಗಿ ಮಾಡುತ್ತಾನೆ. ಕಾಲವನ್ನೇ ಹಿಂದಕ್ಕೆ ಓಡಿ ದಾಟಬಲ್ಲವನನ್ನು ಹಿಮದ ಬಂದೂಕು ಹಿಡಿದ ಕಳ್ಳನೊಬ್ಬ ನಿಲ್ಲಿಸುವುದು ಅವನ ಪ್ರಕಾರ ಮಾಮೂಲಿ ಬಗ್, ಬಿಟ್ಟುಬಿಡಬಹುದು. ಐರಿಸ್ ಎಂಬ ನಾಯಕಿಗೆ ನಾಲ್ಕು ಕಂತು ಸರಿಯಾದ ಮಾತು ಬರೆದಿಲ್ಲ ಎನ್ನುವುದು ಮಾತ್ರ ‘ಸಿವಿಯಾರಿಟಿ ಒನ್’. ಅಂದರೆ ರಾತ್ರಿ ಹನ್ನೊಂದಕ್ಕೆ ಓನರ್ ಬಾಗಿಲು ತಟ್ಟಬಹುದಾದ ದರ್ಜೆಯದು.

2025ರ ಆಗಸ್ಟ್ 10ಕ್ಕೆ ಹಳದಿ ಮಾರ್ಗದ ಮೆಟ್ರೊ ಶುರುವಾದಾಗ ನಾವೆಲ್ಲ ಹಿಗ್ಗಿದ್ದೆವು. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರು, 16 ನಿಲ್ದಾಣ, ಅದರಲ್ಲೊಂದಕ್ಕೆ ನಮ್ಮೂರಿನ ಹೆಸರು. ಆದರೆ ರೈಲು ಮೂರೇ ಇದ್ದದ್ದರಿಂದ ಮೊದಮೊದಲು 25 ನಿಮಿಷಕ್ಕೊಂದು ಬರುತ್ತಿತ್ತು. ಸ್ವಾಮಿಗೆ ಇದಕ್ಕಿಂತ ಭಾಗ್ಯ ಬೇಕೆ? ನಾನು ಹೊರಡುವುದು ಜಯನಗರದ ಕಡೆಗೆ, ಅವನು ಎಲೆಕ್ಟ್ರಾನಿಕ್ ಸಿಟಿ ಕಡೆಗೆ. ಅವನ ರೈಲು ಬಂತೆಂದು ನಾನು ಆಸೆಯಿಂದ ಕೈ ಬೀಸಿದರೆ, ‘ಪರವಾಗಿಲ್ಲ ಅಂಕಲ್, ಇನ್ನೊಂದು ಬರುತ್ತೆ’ ಎಂದು ನಿಂತೇಬಿಡುತ್ತಿದ್ದ. ಒಂದು ದಿನ ವಿಷಯ ಸೀಸನ್ ಮೂರು: ಭವಿಷ್ಯದ ಬ್ಯಾರಿಯೇ ಕೆಟ್ಟವನಾಗಿ ಬಂದು ಇವತ್ತಿನ ಬ್ಯಾರಿಯ ಪ್ರೇಯಸಿಯನ್ನು ಕೊಲ್ಲಲು ನಿಂತ ಕಥೆ. ಮಾತಿನ ಭರದಲ್ಲಿ ಸ್ವಾಮಿ, ‘ಕೊಲ್ಲೋದೇ ಆಗಿದ್ರೆ ಸುಮ್ನೆ ಕೊಂದುಬಿಡಬೇಕು ಅಂಕಲ್, ಲಾರೆಲ್‌ನ ಕೊಂದ ಹಾಗೆ. ವರ್ಷಗಟ್ಟಲೆ ಪ್ಲಾನ್ ಮಾಡ್ತಾ ಕೂತರೆ ಹೀಗೇ ಕೆಡೋದು’ ಎಂದು ಕೂಗಿದ. ಪ್ಲಾಟ್‌ಫಾರ್ಮಿನ ಗಾರ್ಡ್ ಎರಡು ಹೆಜ್ಜೆ ಹತ್ತಿರ ಬಂದ. ಲಾರೆಲ್ ಎಂದರೆ ‘ಆ್ಯರೋ’ ಧಾರಾವಾಹಿಯ ಪಾತ್ರ, ಆಕೆ ಸತ್ತದ್ದು 2016ರ ಏಪ್ರಿಲ್‌ನಲ್ಲಿ, ಅಭಿಮಾನಿಗಳು ಇನ್ನೂ ಸೂತಕ ಕಳೆದುಕೊಂಡಿಲ್ಲ ಎಂದೆಲ್ಲ ಗಾರ್ಡಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ವಿವರ ನನ್ನ ಬಾಯಲ್ಲಿ ತಡವರಿಸದೆ ಬಂದದ್ದು ಕಂಡು ಮೈ ನಡುಗಿತು.

ಇವನನ್ನು ಮಣಿಸಿದವರು ಒಬ್ಬರೇ, ನಮ್ಮತ್ತೆ. ಅವರು ರಾತ್ರಿ ಕನ್ನಡ ಸೀರಿಯಲ್ ಹಾಕಿಕೊಂಡು ಕೂತರೆ ಸ್ವಾಮಿಗೆ ಮೊದಲು ತಾತ್ಸಾರ. ‘ಅಜ್ಜಿ, ಇದರಲ್ಲಿ ಲಾಜಿಕ್ ಎಲ್ಲಿದೆ?’ ಎಂದು ಒಂದು ಸಲ ಕೇಳಿಯೂ ಬಿಟ್ಟ. ಅವರೆಕಾಯಿಯ ಕಾಲ, ಭಾನುವಾರ. ಅತ್ತೆ ರಾತ್ರಿಯೇ ಕಾಳು ನೆನೆಹಾಕಿಟ್ಟು ಹಿತುಕಲು ಕೂತಿದ್ದರು. ಮೋಟಾರ್ ಆನ್ ಮಾಡಿ ಎನ್ನಲು ಬಂದವನ ಮುಂದೆ ಒಂದು ಬೋಗುಣಿ ತಳ್ಳಿ, ‘ಸುಮ್ನೆ ಯಾಕೆ ನಿಂತಿದ್ದೀಯ, ಹಿತುಕು. ನಿನ್ನ ಸೀರಿಯಲ್ ಕಥೆ ಹೇಳು, ಲಾಜಿಕ್ ನಾನೂ ನೋಡ್ತೀನಿ’ ಎಂದರು.

ಸ್ವಾಮಿ ಶುರು ಹಚ್ಚಿಕೊಂಡ. ಹನ್ನೊಂದು ವರ್ಷದ ಹುಡುಗ. ತಾಯಿಯನ್ನು ವಿಲನ್ ಕೊಲ್ಲುತ್ತಾನೆ, ಆರೋಪ ತಂದೆಯ ಮೇಲೆ ಬಂದು ಅವನು ಜೈಲಿಗೆ. ಜೋ ಎಂಬ ಪರಿಚಯದ ಪೊಲೀಸಿನವನು ಹುಡುಗನನ್ನು ತನ್ನ ಮನೆಯಲ್ಲೇ ಸಾಕುತ್ತಾನೆ. ಐರಿಸ್ ಆ ಜೋನ ಮಗಳು.

‘ಅವಳನ್ನೇ ಮದುವೆ ಆಗೋದಾ?’

‘ಅದೇ ಅಜ್ಜಿ ದೊಡ್ಡ ಜಗಳ! ಒಂದೇ ಮನೇಲಿ ಅಣ್ಣ ತಂಗಿ ಥರ ಬೆಳೆದೋರು, ಅಸಹ್ಯ ಅಂತ ಅರ್ಧ ಜನ. ಅದಕ್ಕೇ ಕೇಟ್ಲಿನ್ ಅನ್ನೋ ಇನ್ನೊಬ್ಬಳ ಜೊತೆ ಮಾಡಬೇಕಿತ್ತು ಅಂತಾರೆ. ಆದ್ರೆ ರೈಟರ್ಸ್...’ ಆವೇಶಕ್ಕೆ ಬೇಳೆಯೊಂದು ಚಿಮ್ಮಿ ಟಿವಿಗೆ ಹೊಡೆಯಿತು.

ಅತ್ತೆ ತಲೆಯೆತ್ತಲಿಲ್ಲ. ‘ಆ ಜೋ, ಹುಡುಗನ ತಾಯಿಗೆ ಏನಾಗಬೇಕು?’

‘ಏನೂ ಆಗಬೇಕಿಲ್ಲ ಅಜ್ಜಿ. ಗೊತ್ತಿರೋರು ಅಷ್ಟೆ.’

‘ಒಡಹುಟ್ಟಿದ ಅಣ್ಣನ ಹಾಗೆ ಮಗನ್ನ ಸಾಕಿದ್ನೋ ಇಲ್ವೋ?’

ಸ್ವಾಮಿ ಯೋಚಿಸಿದ. ‘ಸಾಕಿದ.’

‘ಹಾಗಾದ್ರೆ ಸೋದರಮಾವ ಆದ. ಅವನ ಮಗಳು ಇವನಿಗೆ ವರಸೆ. ಅವಳನ್ನ ಬಿಟ್ಟು ಬೇರೆಯವಳನ್ನ ತಂದಿದ್ರೆ ಆಗ ತಪ್ಪಾಗ್ತಿತ್ತು.’

ಒಂಬತ್ತು ಸೀಸನ್ ಪೂರ್ತಿ ಖಂಡಾಂತರದ ಅಭಿಮಾನಿಗಳು ಜುಟ್ಟು ಹಿಡಿದು ಕಾದಾಡಿದ ವ್ಯಾಜ್ಯ, ಅರ್ಧ ಸೇರು ಅವರೆ ಹಿತುಕುವಷ್ಟರಲ್ಲಿ ಇತ್ಯರ್ಥವಾಯಿತು. ಸ್ವಾಮಿಯ ಕೈ ಬೋಗುಣಿಯಲ್ಲೇ ನಿಂತುಬಿಟ್ಟಿತು.

ಆಮೇಲೆ ಅವನು ತನ್ನ ದೂರುಗಳನ್ನೆಲ್ಲ ಒಂದೊಂದಾಗಿ ಅತ್ತೆಯ ಮುಂದೆ ಹರಡಿದ. ಮದುವೆ ಪ್ರಕರಣ ಬಂತು. 2017ರ ನವೆಂಬರಿನಲ್ಲಿ ನಾಲ್ಕು ಧಾರಾವಾಹಿಗಳನ್ನು ಒಟ್ಟಿಗೆ ಹೆಣೆದು ತೋರಿಸಿದ ಕಥೆ ಅದು: ಚರ್ಚಿನಲ್ಲಿ ಬ್ಯಾರಿ–ಐರಿಸ್ ಮದುವೆ ನಡೆಯುವಾಗ ಇನ್ನೊಂದು ಭೂಮಿಯ ನಾಜಿಗಳು ನುಗ್ಗುತ್ತಾರೆ, ಕೊನೆಗೆ ಬಯಲಲ್ಲಿ ಸರಳವಾಗಿ ಮದುವೆ ಮುಗಿಸುವಷ್ಟರಲ್ಲಿ, ‘ಆ್ಯರೋ’ದ ಫೆಲಿಸಿಟಿ ನಡುವೆ ಬಾಯಿ ಹಾಕಿ ನಮ್ಮದೂ ಇಲ್ಲೇ ಆಗಿಹೋಗಲಿ ಎನ್ನುತ್ತಾಳೆ. ಕಂಡವರ ಮದುವೆಯಲ್ಲಿ ತನ್ನ ಮದುವೆ ಮಾಡಿಕೊಂಡಳೆಂದು ಸ್ವಾಮಿಗೆ ಇವತ್ತಿಗೂ ಹೊಟ್ಟೆಯುರಿ. ಅತ್ತೆಗೆ ಅದರಲ್ಲೇನೂ ಕಾಣಲಿಲ್ಲ. ‘ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ಮಾಡಿಸ್ತಾ ಇಲ್ವಾ? ಖರ್ಚು ಉಳೀತು ಬಿಡು.’ ಐದನೇ ಸೀಸನ್ನಿನಲ್ಲಿ ಇನ್ನೂ ಹುಟ್ಟದ ಮಗಳು ಭವಿಷ್ಯದಿಂದ ಬರುತ್ತಾಳೆ, ಹೆಸರು ನೋರಾ, ಅದು ಸತ್ತ ಅಜ್ಜಿಯ ಹೆಸರು ಎಂದಾಗ ಅತ್ತೆಗೆ ಸಂತೋಷವಾಯಿತು: ‘ನೋಡಿದ್ಯಾ, ಅಜ್ಜಿ ಹೆಸರಿಟ್ಟಿದ್ದಾರೆ. ಒಳ್ಳೇ ಮನೆತನ.’ ವಿಲನ್ ಬೇರೊಬ್ಬನ ಮುಖವನ್ನೇ ಕದ್ದು ಹಾಕಿಕೊಂಡು ಒಂದಿಡೀ ಸೀಸನ್ ಎಲ್ಲರನ್ನೂ ಏಮಾರಿಸಿದ ಎಂದಾಗ ಮಾತ್ರ ಅವರ ಮುಖ ಬಾಡಿತು. 2022ರಲ್ಲಿ ‘ಜೊತೆ ಜೊತೆಯಲಿ’ಯ ಆರ್ಯವರ್ಧನನ ಪಾತ್ರಕ್ಕೆ ನಟ ಬದಲಾದ ನೋವು ನೆನಪಾಗಿರಬೇಕು. ‘ಮುಖ ಬದಲಾಯಿಸೋದು ಯಾರೂ ಮಾಡಬಾರದು ಕಣೋ’ ಎಂದರು. ಇಬ್ಬರೂ ಒಂದು ಗಳಿಗೆ ಸುಮ್ಮನೆ ಕಾಳು ಹಿತುಕಿದರು.

ದೊಡ್ಡ ಕದನ ಆದದ್ದು ನಾಲ್ಕನೇ ಸೀಸನ್ನಿಗೆ. ಫ್ಲ್ಯಾಶ್ ಎಂದರೆ ನೀನೊಬ್ಬನೇ ಅಲ್ಲ, ನಾವಿಬ್ಬರೂ ಸೇರಿ ಎಂಬರ್ಥದ ಮಾತು ಅಲ್ಲಿ ಬರುತ್ತದೆ. ಅದನ್ನು ಕೇಳಿ ಅಭಿಮಾನಿಗಳಲ್ಲಿ ಅರ್ಧ ಜನ ಕೆರಳಿದ್ದರಂತೆ. ಸ್ವಾಮಿ ಐರಿಸ್ ಪಕ್ಷದವನೇ ಆದರೂ ಇಲ್ಲಿ ಅವನಿಗೂ ತಡೆಯಲಾಗಿಲ್ಲ: ‘ಓಡೋನು ಅವನು ಅಜ್ಜಿ, ಹೆಸರು ಇಬ್ಬರಿಗೂ ಅಂದ್ರೆ?’ ಅತ್ತೆ ಬೋಗುಣಿ ಕೆಳಗಿಟ್ಟರು. ‘ನಿಮ್ಮ ತಾತ ಮೂವತ್ತು ವರ್ಷ ಎಚ್‌ಎಂಟಿಗೆ ಹೋದ್ರು. ಬೆಳಗಿನ ಶಿಫ್ಟಿನ ಬಸ್ಸಿಗೆ ಮುಂಚೆ ಡಬ್ಬಿ ಕಟ್ಟಿದ್ದು ಯಾರು? ವಾಚ್ ಅವರೊಬ್ಬರೇ ಮಾಡಿದ್ದಾ?’ ಸ್ವಾಮಿಯ ಬಳಿ ಉತ್ತರ ಇರಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಕಡೆಗೊಮ್ಮೆ ನೋಡಿ ಒಳಗೆ ಹೋದಳು. ಆ ನೋಟಕ್ಕೆ ನಾನೂ ಉತ್ತರ ಕೊಟ್ಟಿಲ್ಲ.

ಹೀಗೆ ಬೈಯುವವನಿಗೆ ಬರೆಯುವವರ ಮೇಲೆ ದ್ವೇಷವಿದೆ ಎಂದುಕೊಂಡಿದ್ದೆ. 2023ರ ಮೇ 2ಕ್ಕೆ ಹಾಲಿವುಡ್ಡಿನ ಬರಹಗಾರರು ಮುಷ್ಕರ ಹೂಡಿದಾಗ ನೋಡಬೇಕಿತ್ತು. 148 ದಿನ ನಡೆದ ಆ ಮುಷ್ಕರದಲ್ಲಿ ಸಿಂಗಸಂದ್ರದ ಈ ಮಹಡಿಯಿಂದ ಅವರಿಗೆ ಸಂಪೂರ್ಣ ಬೆಂಬಲವಿತ್ತು. ‘ಕೆಟ್ಟದಾಗಿ ಬರೀತಾರೆ ಅಂಕಲ್, ಅದು ಬೇರೆ. ದುಡ್ಡು ಕೊಡದೆ ಬರೆಸೋದು ಅನ್ಯಾಯ’ ಎಂದ. ಅತ್ತೆಗೆ ಅದನ್ನು ವಿವರಿಸುವಾಗ, ವಾರಕ್ಕೆ ಐದಾರು ಕಂತು ಹೊರಬೀಳಬೇಕಾದ ನಮ್ಮ ಸೀರಿಯಲ್ ಬರಹಗಾರರನ್ನೂ ನೆನೆದ. ಗುರುವಾರ ಟಿಆರ್‌ಪಿ ಇಳಿಯಿತೆಂದರೆ ಶುಕ್ರವಾರ ಕಥೆ ತಿರುಗಬೇಕು, ಸತ್ತವರು ಎದ್ದು ಬರಬೇಕು. ‘ಪಾಪ, ಅವರಿಗೆ ಟೆಸ್ಟಿಂಗ್ ಟೈಮೇ ಇಲ್ಲ ಅಜ್ಜಿ’ ಎಂದ. ಅವತ್ತಿನಿಂದ ಅತ್ತೆಯ ಸೀರಿಯಲ್ಲಿಗೆ ಲಾಜಿಕ್ ಕೇಳುವುದು ನಿಂತಿತು.

ಈ ಚಟ ಎಲ್ಲಿಂದ ಅಂಟಿತು ಎಂದು ನಾನೊಮ್ಮೆ ಕೇಳಿದ್ದುಂಟು. ಕರೆಂಟ್ ಹೋಗಿತ್ತು, ಇಬ್ಬರೂ ಗೇಟಿನ ಹತ್ತಿರ ಕೂತಿದ್ದೆವು. ‘ಶಕ್ತಿಮಾನ್’ ಅಂಕಲ್, ಅಂದ. ದೂರದರ್ಶನದಲ್ಲಿ 1997ರ ಸೆಪ್ಟೆಂಬರಿನಲ್ಲಿ ಶುರುವಾದ, ಮುಕೇಶ್ ಖನ್ನಾ ಅವರ ಶಕ್ತಿಮಾನ್. ಊರಲ್ಲಿ ಟಿವಿ ಇದ್ದದ್ದು ಒಂದೆರಡು ಮನೆಯಲ್ಲಿ. ಮಾತು ಹಿಂದಿ, ಕನ್ನಡಕ್ಕೆ ಡಬ್ಬಿಂಗ್ ಎಂಬುದು ಆಗ ಇಲ್ಲವೇ ಇಲ್ಲ. ಸರಿಯಾಗಿ ಜಗಳದ ಹೊತ್ತಿಗೆ ಕರೆಂಟ್ ಹೋಗುತ್ತಿತ್ತು. ಜಗಲಿ ತುಂಬ ಕೂತ ಹುಡುಗರಿಗೆ ಉಳಿದ ಕಥೆಯನ್ನು ಕನ್ನಡದಲ್ಲಿ ಹೇಳುವ ಕೆಲಸ ಇವನದು. ಉಬ್ಬುಹಲ್ಲಿನ ಗಂಗಾಧರನೇ ಶಕ್ತಿಮಾನ್ ಎಂಬುದು ಪತ್ರಕರ್ತೆ ಗೀತಾ ವಿಶ್ವಾಸಳಿಗೆ ಗೊತ್ತಿಲ್ಲ ಎನ್ನುವುದು ಆ ವಯಸ್ಸಿನಲ್ಲೇ ಇವನಿಗೆ ಸಹಿಸಲಾರದ ಸಂಗತಿ. ‘ನನ್ನ ಕಥೇಲಿ ನಾನು ಬೇಗ ಗೊತ್ತು ಮಾಡಿಸಿಬಿಟ್ಟೆ ಅಂಕಲ್. ಕತ್ತಲಲ್ಲಿ ಯಾರು ಕೇಳ್ತಾರೆ?’ ಮುಂದಿನ ವಾರ ಟಿವಿಯಲ್ಲಿ ಗೀತಾಗೆ ಗೊತ್ತೇ ಇರುತ್ತಿರಲಿಲ್ಲ. ಹುಡುಗರು ಟಿವಿಯನ್ನೇ ಬೈಯುತ್ತಿದ್ದರಂತೆ.

ನಮ್ಮನೆಗೆ ಬರುವ ಮೊದಲು ಅವನಿದ್ದದ್ದು ಪಿ.ಜಿ.ಯಲ್ಲಿ. ಒಂದು ರೂಮಿಗೆ ಮೂವರು, ಮೂರು ಮೊಬೈಲು, ಕಿವಿಗೆ ಮೂರು ಜೊತೆ ಇಯರ್‌ಫೋನು. ಒಬ್ಬ ನೋಡಿದ್ದನ್ನು ಇನ್ನೊಬ್ಬನಿಗೆ ಹೇಳುವ ಅಗತ್ಯವೇ ಇಲ್ಲ. ಕರೆಂಟ್ ಹೋದರೆ ಯುಪಿಎಸ್ ಇದೆ. ಅಷ್ಟು ಹೇಳಿ ಅವನು ಸುಮ್ಮನಾದ. ನಾನು ಏನೋ ಸಮಾಧಾನದ ಮಾತು ಹುಡುಕುತ್ತಿರುವಾಗಲೇ, ‘ಅದಿರಲಿ ಅಂಕಲ್, ಸೀಸನ್ ಆರರಲ್ಲಿ ಐರಿಸ್‌ನ ಕನ್ನಡಿಯೊಳಗೆ ಕೂಡಿಹಾಕಿದ್ದು ಸರಿಯಾ?’ ಎಂದ. ಕನಿಕರ ಪಡಲಿಕ್ಕೂ ಬಿಡುವವನಲ್ಲ.

ಈಚೆಗೆ ಅವನಿಗೆ ಹೆಣ್ಣು ನೋಡಲು ಹಾಸನಕ್ಕೆ ಹೋಗಿದ್ದೆವು. ನಾನು ಯಾಕೆ ಎಂದರೆ ಅತ್ತೆ ಹೊರಟಿದ್ದರು, ಕಾರು ನನ್ನದು. ಹುಡುಗಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ಕೇಸರಿಬಾತು, ಉಪ್ಪಿಟ್ಟು ಮುಗಿದ ಮೇಲೆ ‘ಇಬ್ಬರೂ ಹತ್ತು ನಿಮಿಷ ಮಾತಾಡಲಿ’ ಎಂದು ತಾರಸಿಗೆ ಕಳಿಸಿದರು. ಅರ್ಧ ಗಂಟೆ, ಮುಕ್ಕಾಲು ಗಂಟೆ ಆದರೂ ಇಳಿಯಲಿಲ್ಲ. ಹಿರಿಯರ ಮುಖ ಅರಳಿತು, ಹುಡುಗಿಯ ತಂದೆ ತಟ್ಟೆಗೆ ತೆಂಗಿನಕಾಯಿ ಇಡಿಸಿದರು. ಕೊನೆಗೆ ಇಳಿದು ಬಂದ ಸ್ವಾಮಿಯ ಕಿವಿ ಕೆಂಪಾಗಿತ್ತು. ಕಾರಿನಲ್ಲಿ ಬಾಯಿಬಿಟ್ಟ: ‘ನೋಡಿದ್ದಾಳೆ ಅಂಕಲ್, ಒಂಬತ್ತೂ ಸೀಸನ್. ಆದ್ರೆ ಪ್ಯಾಟಿ ಪಾರ್ಟಿ.’ ಪ್ಯಾಟಿ ಎಂದರೆ ಎರಡನೇ ಸೀಸನ್ನಿನಲ್ಲಿ ಬ್ಯಾರಿಯ ಜೊತೆ ಓಡಾಡಿ, ಅವನು ತನ್ನ ಗುಟ್ಟು ಬಿಟ್ಟುಕೊಡಲಿಲ್ಲವೆಂದು ಬೇಸತ್ತು ಊರು ಬಿಟ್ಟ ಪೊಲೀಸ್ ಹುಡುಗಿ. ಹುಡುಗಿಯ ವಾದವೂ ಅದೇ ಅಂತೆ, ನಿಜ ಹೇಳದ ಗಂಡಿನ ಜೊತೆ ಬಾಳುವುದು ಹೇಗೆ? ‘ಕೇಸ್ ಗಟ್ಟಿಯಾಗಿದೆ’ ಎಂದರು ಅತ್ತೆ.

ಸಂಬಂಧ ಮುಂದುವರಿಯಿತೋ ಮುರಿಯಿತೋ ನಮಗೆ ತಿಳಿಯಲಿಲ್ಲ. ರಾತ್ರಿ ಮಾತ್ರ ಮೇಲಿನ ಮನೆಯಿಂದ ಫೋನಿನಲ್ಲಿ ವಾದ ಮಾಡುವ ದನಿ ಕೇಳುತ್ತದೆ, ನನ್ನ ಬಾಗಿಲು ತಟ್ಟುವುದು ಕಡಿಮೆಯಾಗಿದೆ. ಮೊನ್ನೆ ತಿಪಟೂರಿನಿಂದ ಅವನ ತಾಯಿ ಫೋನ್ ಮಾಡಿದ್ದರು. ಯೋಗಕ್ಷೇಮವೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದರು:

‘ನಿಮ್ಮ ಹತ್ರ ಮುಚ್ಚುಮರೆ ಏನು ಸಾರ್. ಹಬ್ಬಕ್ಕೆ ಬಂದವನು ರಾತ್ರಿಯೆಲ್ಲಾ ಫೋನಲ್ಲಿ ಪ್ಯಾಟಿ ಪ್ಯಾಟಿ ಅಂತಿದ್ದ. ಯಾರು ಸಾರ್ ಆ ಹುಡುಗಿ? ನಮ್ಮೋರೇನಾ?’

‘ಪೊಲೀಸ್ ಕೆಲಸದಲ್ಲಿದ್ದಳಮ್ಮ’ ಎಂದೆ. ‘ಈಗ ಊರಲ್ಲಿಲ್ಲ. ರೈಲು ಹತ್ತಿ ಹೋಗಿ ಬಹಳ ಸೀಸನ್ ಆಯ್ತು.’