ಟೈಗರ್ ಋತುಚರ್ಯಾ ಪ್ರಕರಣ

ವಾಗ್ಭಟಾಚಾರ್ಯರ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಮೂರನೆಯ ಅಧ್ಯಾಯ ಋತುಚರ್ಯೆ. ವರ್ಷವನ್ನು ಆರು ಋತುಗಳಾಗಿ ಹಂಚಿ, ಯಾವಾಗ ಏನು ಉಣ್ಣಬೇಕು, ಏನು ಉಡಬೇಕು, ಎಲ್ಲಿ ಮಲಗಬೇಕು ಎಂಬುದನ್ನೆಲ್ಲ ಅಲ್ಲಿ ವಿಧಿಸಲಾಗಿದೆ. ಆದರೆ ಮಂಗಳೂರಿನ ಹೊರವಲಯದಲ್ಲಿ ಸಿಸ್ಟರುಗಳು ನಡೆಸುವ ಒಂದು ವೃದ್ಧಾಶ್ರಮದ ಜಗಲಿಯಲ್ಲಿ, ಗೋಣಿಚೀಲದ ಮೇಲೆ ಮಲಗಿರುವ ನಾಯಿಗೆ ಈ ವಿಧಿಗಳು ಹೇಗೆ ಅನ್ವಯಿಸುತ್ತವೆ ಎಂಬ ಪ್ರಶ್ನೆಯನ್ನು ಆಚಾರ್ಯರೂ ಎತ್ತಲಿಲ್ಲ, ವ್ಯಾಖ್ಯಾನಕಾರರೂ ಎತ್ತಲಿಲ್ಲ. ಶಾಸ್ತ್ರದಲ್ಲಿ ಹೀಗೆ ಉಳಿದುಹೋದ ತೂತನ್ನು ಮುಚ್ಚುವುದೇ ಈ ಪ್ರಬಂಧದ ಪ್ರಯೋಜನ. ವಿಷಯ: ಟೈಗರ್. ಅಧಿಕಾರಿ: ಸದರಿ ಟೈಗರಿನಿಂದ ಈವರೆಗೆ ಕಚ್ಚಿಸಿಕೊಳ್ಳದವನು. ಸಂಬಂಧ: ಸ್ವಲ್ಪ ದೂರದ್ದು, ದೂರದ್ದಾಗಿಯೇ ಇರುವುದು ಕ್ಷೇಮ.

ಟೈಗರ್ ಎಂಬುದು ಕೇವಲ ನಾಮಧೇಯ. ಲಕ್ಷಣ ಹೇಳುವುದಾದರೆ ಗೋಧಿ ಬಣ್ಣ, ಸುರುಳಿ ಬಾಲ, ಊರುನಾಯಿ. ಇದನ್ನು ಸಾಕಿದವರು ಯಾರು ಎಂಬಲ್ಲಿ ಮತಭೇದವಿದೆ. "ಅದು ನಮ್ಮದಲ್ಲ, ಇಲ್ಲಿ ಉಂಟು ಅಷ್ಟೆ" ಎಂಬುದು ಮದರ್ ಸುಪೀರಿಯರರ ಪಕ್ಷ. ಅಡುಗೆಮನೆಯ ಸಿಸ್ಟರ್ ಈ ಪಕ್ಷವನ್ನು ಬಾಯಲ್ಲಿ ಒಪ್ಪುತ್ತಾರೆ, ಕೈಯಲ್ಲಿ ಒಪ್ಪುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಮಾತ್ರ ನಾಯಿ ಪೂರ್ಣಪ್ರಮಾಣದ ಸನ್ಯಾಸಿಯಂತೆ ಕಾಣುತ್ತದೆ. ಸಿಸ್ಟರುಗಳು ಕೈಗೊಳ್ಳುವ ವ್ರತಗಳು ಮೂರು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಟೈಗರಿನ ಹೆಸರಲ್ಲಿ ಒಂದು ಗೋಣಿ, ಒಂದು ಜಜ್ಜಿದ ಅಲ್ಯುಮಿನಿಯಂ ತಟ್ಟೆ ಬಿಟ್ಟರೆ ಆಸ್ತಿಯಿಲ್ಲ. ಬ್ರಹ್ಮಚರ್ಯವನ್ನು ಸಂತಾನ ನಿಯಂತ್ರಣದ ವ್ಯಾನಿನವರು ಒಂದೇ ಮಧ್ಯಾಹ್ನದಲ್ಲಿ ಕೊಡಿಸಿ, ಸಾಕ್ಷಿಯಾಗಿ ಕಿವಿಯ ತುದಿಯನ್ನು ಕತ್ತರಿಸಿಹೋದರು. ಹಾಗಾಗಿ ಊರಿನ ಉಳಿದ ನಾಯಿಗಳೆಲ್ಲ ಕಾರ್ತಿಕ ಮಾಸದಲ್ಲಿ ತಪೋಭಂಗಕ್ಕೆ ಒಳಗಾಗುವಾಗ ಟೈಗರ್ ಗೇಟಿನೊಳಗೆ ಕುಳಿತು ತತ್ತ್ವದೃಷ್ಟಿಯಿಂದ ನೋಡುತ್ತದೆ. ವಿಧೇಯತೆಯ ಬಗ್ಗೆ ಸಾಕಷ್ಟು ದಾಖಲೆಗಳು ಸಿಕ್ಕಿಲ್ಲ.

ಪೂರ್ವಸೂರಿಗಳನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನ ಬೆನ್ನ ಹಿಂದೆ ಕೊನೆಯವರೆಗೂ ನಡೆದದ್ದು ನಾಯಿ. ಕ್ಯಾಥೋಲಿಕ್ ಬೈಬಲ್ಲಿನ ತೋಬಿತನ ಗ್ರಂಥದಲ್ಲಿ ತರುಣ ತೋಬಿಯಾಸನೂ ದೇವದೂತ ರಫಾಯೇಲನೂ ಪ್ರಯಾಣ ಹೊರಟಾಗ ಒಂದು ನಾಯಿ ಜೊತೆಯಾಗುತ್ತದೆ. ಕಥೆಯಲ್ಲಿ ಯಾವ ಕೆಲಸವನ್ನೂ ಮಾಡದೆ ಅವರೊಂದಿಗೇ ಮರಳಿ ಬರುತ್ತದೆ. ಪ್ಲೇಗು ತಗುಲಿ ಕಾಡು ಸೇರಿದ ಸಂತ ರೋಕನಿಗೆ ದಿನವೂ ರೊಟ್ಟಿ ಕಚ್ಚಿಕೊಂಡು ಬಂದುಕೊಟ್ಟದ್ದೂ ನಾಯಿಯೇ. ಆಗಸ್ಟ್ 16ರಂದು ಅವರ ಹಬ್ಬ. ಮೇಲ್ನೋಟಕ್ಕೆ ಟೈಗರ್ ತೋಬಿತ ಪರಂಪರೆಗೆ ಸೇರಿದ್ದು. ರೋಕ ಪರಂಪರೆಯಲ್ಲಿ ಆಹಾರವು ನಾಯಿಯ ಬಾಯಿಂದ ಮನುಷ್ಯನ ಕೈಗೆ ಸಂದಾಯವಾಗುತ್ತದೆ. ನಮ್ಮಲ್ಲಿ ಹಾಗಿಲ್ಲ ಎಂದೇ ಈ ಲೇಖಕ ಬಹುಕಾಲ ನಂಬಿದ್ದ. ಆಧುನಿಕ ಸಂಶೋಧನೆಯಲ್ಲಿ ಈ ಕ್ಷೇತ್ರಕ್ಕೆ ಅನ್ಯಾಯವೇ ಆಗಿದೆ. 2007ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, ರೋಡ್ ಐಲೆಂಡಿನ ಒಂದು ಆರೈಕೆ ಕೇಂದ್ರದ ಆಸ್ಕರ್ ಎಂಬ ಪ್ರಾಣಿಯ ದಿನಚರಿಯ ಬಗ್ಗೆ ಲೇಖನ ಪ್ರಕಟಿಸಿತು. ಆಸ್ಕರ್ ಬೆಕ್ಕು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಋತುನಿರ್ಣಯ. ವಾಗ್ಭಟರ ಆರು ಋತುಗಳು ಟೈಗರಿಗೆ ಒಗ್ಗುವುದಿಲ್ಲ. ಹೇಮಂತ ಶಿಶಿರಗಳೆಂದರೆ ಕರಾವಳಿಯಲ್ಲಿ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಕಾಲ. ಚರ್ಚಿನ ಪಂಚಾಂಗವೂ ಸಾಲದು. ಟೈಗರಿನ ಸಂವತ್ಸರವನ್ನು ಮುಳ್ಳು ಮತ್ತು ಎಲುಬುಗಳ ಲಭ್ಯತೆಯ ಮೇಲೆಯೇ ಗುಣಿಸಬೇಕು. ಆ ಪ್ರಕಾರ ವರ್ಷಾರಂಭವು ಬೂದಿ ಬುಧವಾರ, ಅಂದರೆ ಎಲುಬು ನಿಲ್ಲುವ ದಿನ.

ಇಲ್ಲಿಯೇ ಶಾಸ್ತ್ರದ ಅತ್ಯಂತ ಜಟಿಲ ಪ್ರಶ್ನೆ ಎದುರಾಗುತ್ತದೆ: ಅಂದಿನಿಂದ ಆರಂಭವಾಗುವ ತಪಸ್ಸು ಕಾಲದ ಉಪವಾಸ ನಾಯಿಗೆ ವಿಧಿಯೇ, ನಿಷೇಧವೇ, ಐಚ್ಛಿಕವೇ? 1983ರ ಚರ್ಚ್ ಕಾನೂನು ಸಂಹಿತೆಯ 1252ನೆಯ ವಿಧಿ ಸ್ಪಷ್ಟವಾಗಿದೆ. ಮಾಂಸವರ್ಜನೆ ಹದಿನಾಲ್ಕು ತುಂಬಿದವರಿಗೆ. ಉಪವಾಸ ಹದಿನೆಂಟು ತುಂಬಿದಲ್ಲಿಂದ ಅರುವತ್ತನೆಯ ವರ್ಷಕ್ಕೆ ಕಾಲಿಡುವವರೆಗೆ. ಆಶ್ರಮವಾಸಿಗಳೆಲ್ಲರೂ ಅರುವತ್ತು ದಾಟಿದವರಾದ್ದರಿಂದ ಉಪವಾಸದ ಬಾಧ್ಯತೆ ಅವರಲ್ಲಿ ಯಾರಿಗೂ ಇಲ್ಲ. ಆದರೂ ಬೂದಿ ಬುಧವಾರ ಎಲ್ಲರೂ ಉಪವಾಸವೆಂದು ಹಟ ಹಿಡಿಯುತ್ತಾರೆ, ಸಕ್ಕರೆ ಕಾಯಿಲೆಯವರಂತೂ ಎಲ್ಲರಿಗಿಂತ ಮುಂದೆ. ಹಿಂದೂಗಳಾದ ನಿವೃತ್ತ ಕನ್ನಡ ಪಂಡಿತರು, ಹಳೆಯ ಏಕಾದಶಿಗಳ ಬಾಕಿ ತೀರಿಸುವುದಿದೆಯೆಂದು ಪಂಕ್ತಿಗೆ ಸೇರುತ್ತಾರೆ.

ಟೈಗರಿಗೆ ಈಗ ಆರು ವರ್ಷ. ಈ ಆರನ್ನು ಅರ್ಥೈಸುವುದರಲ್ಲಿ ಮೂರು ಮತಗಳು ಹುಟ್ಟಿವೆ. ಪಂಚಾಂಗ ಮತದ ಪ್ರಕಾರ ಆರು ಎಂದರೆ ಆರೇ. ಹದಿನಾಲ್ಕು ತುಂಬಿಲ್ಲವಾದ್ದರಿಂದ ಮಾಂಸವರ್ಜನೆಯೂ ಇಲ್ಲ, ಉಪವಾಸವೂ ಇಲ್ಲ. ನಾಯಿಯ ಒಂದು ವರ್ಷ ಮನುಷ್ಯನ ಏಳಕ್ಕೆ ಸಮ ಎನ್ನುವ ಮಗ್ಗಿ ಮತದವರಿಗೆ ಟೈಗರ್ ನಲವತ್ತೆರಡರ ಗಟ್ಟಿಮುಟ್ಟಾದ ಗೃಹಸ್ಥ, ಎರಡೂ ಕಡ್ಡಾಯ. ಮೂರನೆಯದು ಲಾಗರಿದಮ್ ಮತ. 2020ರಲ್ಲಿ ಸ್ಯಾನ್ ಡಿಯಾಗೊದ ವಿಜ್ಞಾನಿಗಳು ಲ್ಯಾಬ್ರಡಾರ್ ನಾಯಿಗಳ ಡಿಎನ್‌ಎ ಮೇಲೆ ವಯಸ್ಸು ಬಿಟ್ಟುಹೋಗುವ ಗುರುತುಗಳನ್ನು ಪರೀಕ್ಷಿಸಿ, ನಾಯಿಯ ವಯಸ್ಸಿನ ನ್ಯಾಚುರಲ್ ಲಾಗನ್ನು 16ರಿಂದ ಗುಣಿಸಿ 31 ಕೂಡಿಸಬೇಕು ಎಂಬ ಸೂತ್ರ ಕೊಟ್ಟರು. ಲೆಕ್ಕ ಹಾಕಿದರೆ ಆರು ವರ್ಷದ ನಾಯಿ ಐವತ್ತೊಂಬತ್ತೂವರೆ ದಾಟಿರುತ್ತದೆ. ಅಂದರೆ ಕೂದಲೆಳೆಯ ಅಂತರದಲ್ಲಿ ಉಪವಾಸದಿಂದ ವಿಮೋಚನೆ, ಮಾಂಸವರ್ಜನೆ ಮಾತ್ರ ತಪ್ಪದು. ಸೂತ್ರ ಹುಟ್ಟಿದ್ದು ಲ್ಯಾಬ್ರಡಾರ್ ನಾಯಿಗಳಿಂದ, ಊರುನಾಯಿಗೆ ಅದರ ಪ್ರಾಮಾಣ್ಯವೇನು ಎಂದು ಮಗ್ಗಿ ಮತದವರು ಖಂಡಿಸುತ್ತಾರೆ. ಉಡುಪಿ ಹತ್ತಿರವೇ ಇರುವುದರಿಂದ ಮೂರು ಮತಗಳ ವಾಗ್ವಾದ ಈ ಕಡೆಯವರಿಗೆ ಹೊಸದೇನಲ್ಲ. ಟೈಗರ್ ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ, ರಸ್ತೆಯಾಚೆಯ ಕೋಳಿ ಅಂಗಡಿಯ ಹಿತ್ತಿಲಲ್ಲಿ ಸ್ವತಂತ್ರ ಅಧ್ಯಯನ ನಡೆಸುತ್ತದೆ.

ಇದೇ ಋತುವಿನ ಕೊನೆಯಲ್ಲಿ ಇನ್ನೊಂದು ಉತ್ಪಾತವಿದೆ. ಪವಿತ್ರ ಗುರುವಾರದ ಸಂಜೆಯಿಂದ ಪಾಸ್ಖದ ಜಾಗರಣೆಯವರೆಗೆ ಪ್ರಾರ್ಥನಾಲಯದ ಗಂಟೆ ಬಾರಿಸುವುದಿಲ್ಲ, ಬದಲಿಗೆ ಮರದ ಗಿಲಕಿ ಆಡಿಸುತ್ತಾರೆ. ರಷ್ಯಾದ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಶೋಧನೆಗೆ. ಆದರೆ ಲೋಕ ನೆನಪಿಟ್ಟುಕೊಂಡದ್ದು ಸದ್ದು ಕೇಳಿ ಜೊಲ್ಲು ಸುರಿಸುವ ಅವರ ನಾಯಿಯನ್ನು. ಟೈಗರಿನ ಜೊಲ್ಲು ಮಧ್ಯಾಹ್ನ ಹನ್ನೆರಡರ ಗಂಟೆಗೆ ಒಗ್ಗಿದ್ದು. ಮರದ ಸದ್ದಿಗೆ ಅದು ಒಸರುವುದಿಲ್ಲ. ಶನಿವಾರ ರಾತ್ರಿ ಜಾಗರಣೆಯಲ್ಲಿ ಗ್ಲೋರಿಯಾ ಹಾಡುತ್ತ ಎಲ್ಲ ಗಂಟೆಗಳನ್ನೂ ಒಟ್ಟಿಗೆ ಬಾರಿಸಿದಾಗ ಅಷ್ಟೂ ದಿನದ ಬಾಕಿ ಜೊಲ್ಲು ಒಮ್ಮೆಲೇ ಜಗಲಿಗೆ ಇಳಿಯುತ್ತದೆ. ಅದರ ಮೇಲೆ ಜಾರಬಾರದೆಂದು ವಾಕರ್ ಹಿಡಿದವರನ್ನು ಹಿಂಬಾಗಿಲಿನಿಂದ ಕರೆದೊಯ್ಯುವುದು ಈಗ ಸಂಪ್ರದಾಯ.

ಬೇಸಗೆ ಸಣ್ಣದು. ಸಿಸ್ಟರುಗಳಿಗೆ ವರ್ಗಾವಣೆ, ಟೈಗರಿಗೆ ಗುಡುಗು.

ಅನಂತರ ಬರುವುದು ನಿಷೇಧ ಋತು. ಮಳೆಗಾಲವೆಂದು ಬೇರೆಯವರು ಕರೆಯುವ ಈ ಅವಧಿಗೆ ಟೈಗರಿನ ದೃಷ್ಟಿಯಿಂದ ಮಳೆ ಗೌಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಸರಕಾರ ಅವುಗಳಿಗೆ ಕೊಟ್ಟ ಹೆರಿಗೆ ರಜೆ ಇದು. ನಾಡದೋಣಿಯವರು ತಂದ ಬಂಗುಡೆಗೆ ಬಂಗಾರದ ಬೆಲೆ. ಆಶ್ರಮದ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಭಾಗ್ಯವಿದ್ದರೆ ಒಣಮೀನಿನ ಚಟ್ನಿ. ಒಣಮೀನಿಗೆ ತಲೆಯೂ ಉಳಿಯುವುದಿಲ್ಲ, ಮುಳ್ಳೂ ಉಳಿಯುವುದಿಲ್ಲ. ಸಿಸ್ಟರ್ ಅದನ್ನು ಅರೆದೇ ಬಿಡುತ್ತಾರೆ.

ಈ ಋತುವಿನಲ್ಲಿಯೇ ಆಶ್ರಮದ ಜ್ಞಾನಮೀಮಾಂಸೆ ಪೂರ್ತಿಯಾಗಿ ಬಿಚ್ಚಿಕೊಳ್ಳುವುದು. ಹೊರಗೆ ಜಡಿಮಳೆ, ಒಳಗೆ ಒದ್ದೆ ನಾಯಿಯ ವಾಸನೆ. ಹನ್ನೊಂದನೆಯ ಮಂಚದ ಬಾಯಮ್ಮ ಕರೆಯುತ್ತಾರೆ: "ಸಿಸ್ಟರ್, ಆ ಕಿಟಕಿ ಸ್ವಲ್ಪ ಮುಚ್ಚಿ. ಟೈಗರಿಗೆ ಚಳಿ ಆಗ್ತದೆ." ಟೈಗರ್ ಆ ಹೊತ್ತಿಗೆ ಕಟ್ಟಡದ ಆಚೆ ಬದಿಯಲ್ಲಿದೆ. ನಾಲ್ಕನೆಯ ಮಂಚದ ಅಜ್ಜನಿಗೆ ಇನ್ನೊಂದು ಕಂಬಳಿ ಬೇಕು, ನಾಯಿಗೆ ಹಾಸುವುದಕ್ಕೆ. ಮಸ್ಕತ್‌ನಲ್ಲಿರುವ ಮಗನಿಗೆ ಫೋನ್ ಮಾಡಿಕೊಡಿ, "ಅವನಿಗೆ ಟೈಗರಿನದ್ದು ಭಾರೀ ಚಿಂತೆ, ಪಾಪ." ಮಗ ಟೈಗರನ್ನು ಕಂಡವನೇ ಅಲ್ಲ. ತನಗೆ ಬೇಕು ಎಂದು ಬಾಯಿಬಿಟ್ಟು ಕೇಳಲು ನಾಚಿಕೆಪಡುವವರು, ಅರ್ಧ ಶತಮಾನ ಬೇರೆಯವರಿಗೆ ಬಡಿಸಿಯೇ ರೂಢಿಯಾದವರು, ನಾಯಿಯ ಹೆಸರಿನಲ್ಲಿ ಏನನ್ನು ಬೇಕಾದರೂ ಕೇಳಬಲ್ಲರು. ಭಾಟ್ಟ ಮೀಮಾಂಸೆಯಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂದು ಆರು ಪ್ರಮಾಣಗಳಿವೆ. ಏಳನೆಯದಾಗಿ ನೆಪವನ್ನು ಸೇರಿಸಬೇಕೆಂದು ಈ ಪ್ರಬಂಧ ಸವಿನಯವಾಗಿ ಸೂಚಿಸುತ್ತದೆ. ಸಿಸ್ಟರುಗಳಿಗೆ ಈ ಪ್ರಮಾಣ ತಿಳಿಯದ್ದಲ್ಲ. ಅವರು ಕಿಟಕಿ ಮುಚ್ಚುತ್ತಾರೆ, "ಟೈಗರಿಗೆ ಈಗ ಸಾಕಾ?" ಎಂದು ಬಾಯಮ್ಮನನ್ನೇ ಕೇಳುತ್ತಾರೆ.

ಆಗಸ್ಟಿನಲ್ಲಿ ದೋಣಿಗಳು ಇಳಿದ ಮೇಲೆ ನೆಪಪ್ರಮಾಣ ಅಡುಗೆಮನೆಗೆ ಪ್ರವೇಶಿಸುತ್ತದೆ. ಬೂತಾಯಿ ಹುರಿದ ದಿನ ಎಲ್ಲರಿಗೂ ಎರಡೆರಡು. ಬಿಪಿಯವರಿಗೆ ಉಪ್ಪಿಲ್ಲದ್ದು ಒಂದು. "ನಾಯಿಗೊಂದು ಹಾಕಿ ಸಿಸ್ಟರ್" ಎಂಬ ಬೇಡಿಕೆ ಮೇಜಿನಿಂದ ಮೇಜಿಗೆ ದಾಟುತ್ತದೆ. ಈ ಲೆಕ್ಕದಲ್ಲಿ ಟೈಗರ್ ಆನೆಮರಿಯಷ್ಟು ಬೆಳೆಯಬೇಕಿತ್ತು. ಮೀಮಾಂಸಕರು ಅರ್ಥಾಪತ್ತಿಗೆ ಕೊಡುವ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು: ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಹಾಗಾದರೆ ರಾತ್ರಿ ಉಣ್ಣುತ್ತಾನೆ. ಇಲ್ಲಿ ಅದರ ವಿಲೋಮ. ಟೈಗರ್ ಹಗಲು ರಾತ್ರಿ ಉಣ್ಣುತ್ತಿದೆಯೆಂದು ದಾಖಲೆ, ಆದರೆ ಪಕ್ಕೆಲುಬು ಎಣಿಸಬಹುದು; ಪಂಡಿತರ ಬಿಪಿ ಮಾತ್ರ ಏರಿದೆ. ಹಾಗಾಗಿ ಹಿಂದೆ ಹೇಳಿದ್ದನ್ನು ತಿದ್ದಿಕೊಳ್ಳಬೇಕಾಗಿದೆ. ನಮ್ಮ ನಾಯಿ ತೋಬಿತ ಪರಂಪರೆಯದ್ದಲ್ಲ. ಹುರಿದ ಮೀನನ್ನು ಮನುಷ್ಯರಿಗೆ ತಲುಪಿಸುವ, ಅಪ್ಪಟ ರೋಕ ಪರಂಪರೆಯದ್ದು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಟೈಗರಿನ ಪಾಲಿಗೆ ಗ್ರಹಣ. ಫಾದರ್ ಜೋಕಿಂ ಮಿರಾಂಡ 1763ರಲ್ಲಿ ಫರಂಗಿಪೇಟೆಯಲ್ಲಿ ಆರಂಭಿಸಿದರೆಂದು ಹೇಳುವ ಈ ಹಬ್ಬದಲ್ಲಿ ಮಾತೆ ಮರಿಯಳಿಗೆ ಹೂವು, ಮನೆಗೆ ಆಶೀರ್ವದಿಸಿದ ಹೊಸ ತೆನೆ, ಊಟಕ್ಕೆ ಪೂರ್ತಿ ಸಸ್ಯಾಹಾರ. ಪದಾರ್ಥಗಳ ಸಂಖ್ಯೆ ಬೆಸ ಇರಬೇಕು. ಆ ದಿನ ಯಾವ ಮೇಜಿನಿಂದಲೂ "ನಾಯಿಗೊಂದು" ಎಂಬ ಧ್ವನಿ ಏಳುವುದಿಲ್ಲ. ಹೀರೆಕಾಯಿಗೆ ನೆಪ ಬೇಕಾಗುವುದಿಲ್ಲವಷ್ಟೆ.

ಕ್ರಿಸ್ಮಸ್ಸಿನ ಕುಸ್ವಾರ್ ಹಾಗಲ್ಲ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ ತುಂಬಿದ ಡಬ್ಬಗಳು ಭಕ್ತರ ಮನೆಗಳಿಂದ ಬರುತ್ತವೆ. ಕೇಕಿನೊಳಗಿನ ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷವೆಂದು ಪಶುವೈದ್ಯರು ಹೇಳಿಹೋಗಿದ್ದರಿಂದ ಡಬ್ಬಗಳನ್ನು ಕಪಾಟಿನ ಮೇಲಿನ ಅಟ್ಟದಲ್ಲಿ ಇಡಲಾಯಿತು. ಆದರೂ ಕಿಡಿಯೊ ಅರ್ಧಕ್ಕಿಳಿಯಿತು. "ಟೈಗರ್ ತಿಂದದ್ದಿರಬೇಕು" ಎಂದು ಎಲ್ಲರೂ ಒಮ್ಮತದಿಂದ ಹೇಳಿದರು. ಅಟ್ಟಕ್ಕೆ ಸ್ಟೂಲು ಬೇಕು ಎಂಬ ಸಂಗತಿಯನ್ನು ಯಾರೂ ಎತ್ತಲಿಲ್ಲ.

ಇಲ್ಲಿ ಶಾಸನ ಪ್ರಮಾಣ ಅನಿವಾರ್ಯವಾಯಿತು. ಪಂಡಿತರು ಒಂದು ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಸಭೆಗೆ ಆತಕೂರು ಶಾಸನವನ್ನು ವಿವರಿಸಿದರು. ಮದ್ದೂರು ತಾಲ್ಲೂಕಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಏನು ಬೇಕೆಂದು ಗಂಗದೊರೆ ಬೂತುಗ ಕೇಳಿದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ.

ಸಭೆ ರೋಮಾಂಚನಗೊಂಡಿತು. ಟೈಗರೂ ಬಾವಿಕಟ್ಟೆಯ ಹತ್ತಿರ ಒಂದು ಹೆಗ್ಗಣದೊಡನೆ ಕಾದಾಡಿದೆ. ಎರಡೂ ಬದುಕಿ ಉಳಿದವು ಎಂಬುದು ತಾಂತ್ರಿಕ ತೊಡಕು. ಕಲ್ಲಿನ ಖರ್ಚು ಬೇಡವೆಂದು, ಶಾಪದ ಭಾಗವನ್ನು ಮಾತ್ರ ಜಾರಿಗೆ ತರುವುದೆಂದು ನಿರ್ಣಯವಾಯಿತು: ಟೈಗರಿಗೆ ಹಾಕದೆ ಯಾರು ಉಣ್ಣುತ್ತಾರೋ, ಟೈಗರಿನ ಪಾಪವೆಲ್ಲ ಅವರಿಗೆ. ಊಟದ ಕೋಣೆಯ ಗೋಡೆಗೆ ಅಂಟಿಸಲು ಪಂಡಿತರು ದಪ್ಪ ಅಕ್ಷರದಲ್ಲಿ ಬರೆದರು. ಅನುಮತಿಗೆ ಹೋದಾಗ ಮದರ್ ಓದಿ, ಕನ್ನಡಕ ತೆಗೆದು, ಪಾಪಗಳ ಪಟ್ಟಿ ಎಲ್ಲಿ ಎಂದು ಕೇಳಿದರು. ಪಟ್ಟಿ ಮಾಡಲಾಯಿತು. ಬೂತಾಯಿ, ಜೂನ್ ತಿಂಗಳ ಒಣಮೀನು, ಎರಡು ಕಂಬಳಿ, ಮಸ್ಕತ್‌ನ ಫೋನಿನ ಬಿಲ್ಲು, ಅರ್ಧ ಡಬ್ಬ ಕಿಡಿಯೊ, ಒಂದು ಚಪ್ಪಲಿ.

"ಇದರಲ್ಲಿ ನಾಯಿ ಮಾಡಿದ್ದು ಯಾವುದು ಮಾಸ್ಟ್ರೇ?" ಎಂದರು ಮದರ್.

ಪಂಡಿತರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದಿಕೊಂಡರು.

"ಚಪ್ಪಲಿ, ಮದರ್. ಅದು ಕೂಡಾ ಮೊದಲೇ ಹರಿದಿತ್ತು."