ಮೈಲೇಜ್ ಮೀಮಾಂಸೆ: ಹಳೆಯ ಮಾರುತಿ 800ರ ಮಿತವೇಗ ವಿಚಾರ

ಗಾಡಿ ಇದ್ದವನಿಗೆ, ಕೊಳ್ಳಲಿರುವವನಿಗೆ, ಜನ್ಮದಲ್ಲಿ ಕೊಳ್ಳದವನಿಗೂ ಸಮಾನ ಅಧಿಕಾರವಿರುವ ಶಾಸ್ತ್ರ ಮೈಲೇಜ್ ಶಾಸ್ತ್ರವೊಂದೇ. 'ಎಷ್ಟು ಕೊಡುತ್ತೆ?' ಎಂಬುದು ಇದರ ಮೂಲಸೂತ್ರ. ಮದುವೆಮನೆಯ ಎರಡನೇ ಪಂಕ್ತಿಗೆ ಕಾಯುವವರು ಇದಕ್ಕೆ ಬರೆದಿರುವಷ್ಟು ಭಾಷ್ಯ ಬೇರಾವ ಸೂತ್ರಕ್ಕೂ ಇಲ್ಲ. ಆದರೆ 'ಯಾವ ವೇಗದಲ್ಲಿ ಕೊಡುತ್ತೆ?' ಎಂಬ ಉಪಪ್ರಶ್ನೆಯನ್ನು ಭಾಷ್ಯಕಾರರೆಲ್ಲರೂ ಪಾಯಸ ಬಂತೆಂಬ ನೆಪದಲ್ಲಿ ದಾಟಿಬಿಟ್ಟಿದ್ದಾರೆ. ಆ ಕೊರತೆ ತುಂಬಲೆಂದೇ ಈ ಪ್ರಬಂಧ.

ವಿಷಯವ್ಯಾಪ್ತಿ ಕಾರ್ಬುರೇಟರ್ ಇರುವ ಮಾರುತಿ 800ಕ್ಕೆ ಸೀಮಿತ. 1983ರ ಡಿಸೆಂಬರಿನಲ್ಲಿ ಅವತರಿಸಿ 2014ರ ಜನವರಿಯಲ್ಲಿ ಅವತಾರ ಮುಗಿಸಿದ ಈ ಕಾರಿಗೆ ಹೆಸರಿನಲ್ಲಿ 800, ಎಂಜಿನ್ನಿನಲ್ಲಿ 796 ಸಿ.ಸಿ. ಉಳಿದ ನಾಲ್ಕು ಸಿ.ಸಿ. ಏನಾಯಿತೆಂಬುದನ್ನು ಬೇರೊಬ್ಬರ ಪಿಎಚ್.ಡಿ.ಗೆ ಬಿಟ್ಟಿದ್ದೇವೆ. 'ಹಳೆಯದು' ಎಂದರೆ ಯಾವುದು? ಕಾನೂನಿನ ಪ್ರಕಾರ ನೋಂದಣಿಯ 15 ವರ್ಷ ಮುಗಿದು, ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಳ್ಳಬೇಕಾದದ್ದು. ಲೋಕಾಚಾರದ ಪ್ರಕಾರ, ಎಡಗಡೆಯ ಹಿಂಬಾಗಿಲು ಒಳಗಿನಿಂದ ಮಾತ್ರ ತೆರೆದುಕೊಳ್ಳುವಂಥದ್ದು.

ಈಗ ಪ್ರಮಾಣ ವಿಚಾರ. ಪ್ರತ್ಯಕ್ಷ ಪ್ರಮಾಣವೆಂದರೆ ಸ್ಪೀಡೋಮೀಟರ್. ಕೇಬಲ್ ಒಣಗಿದ ಗಾಡಿಯಲ್ಲಿ ಅದರ ಮುಳ್ಳು ನಲವತ್ತಕ್ಕೂ ಅರವತ್ತಕ್ಕೂ ನಡುವೆ ಎಡೆಬಿಡದೆ ನಡುಗುತ್ತಿರುತ್ತದೆ. ಅಂದರೆ ವಿದ್ವಾಂಸರ ಸಕಲ ಮತಗಳನ್ನೂ ಅದು ಒಂದೇ ಕ್ಷಣದಲ್ಲಿ ಎತ್ತಿಹಿಡಿಯುತ್ತದೆ. ಅನುಮಾನ ಪ್ರಮಾಣದಲ್ಲಿ ನಾವು ತಾರ್ಕಿಕರಿಗಿಂತ ಒಂದು ಹೆಜ್ಜೆ ಮುಂದಿದ್ದೇವೆ. ಅವರು ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನಷ್ಟೇ ಊಹಿಸಿದರು. ನಾವು ಸೈಲೆನ್ಸರಿನ ಹೊಗೆ ಕಪ್ಪಗಿದ್ದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆಯೆಂದೂ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದೂ, ಎರಡೂ ಇದ್ದರೆ ಗಾಡಿಯನ್ನು ಭಾವಮೈದನಿಗೆ ಮಾರುವ ಕಾಲ ಬಂತೆಂದೂ ಊಹಿಸಬಲ್ಲೆವು. ಇನ್ನು ಆಪ್ತವಾಕ್ಯ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, "ಸಾರ್, ಐವತ್ರಲ್ಲಿ ಹೋಗಿ, ಕೊಡುತ್ತೆ" ಎನ್ನುತ್ತಾನೆ. ಕೇಂದ್ರದ ಪೆಟ್ರೋಲಿಯಂ ಸಚಿವಾಲಯದಡಿಯ ಪಿಸಿಆರ್‌ಎ ಸಂಸ್ಥೆಯೂ ಗಂಟೆಗೆ 45ರಿಂದ 55 ಕಿ.ಮೀ. ಎಂದೇ ಉಪದೇಶಿಸುತ್ತ ಬಂದಿದೆ. ಸರ್ಕಾರವೂ ಮೆಕ್ಯಾನಿಕ್ಕೂ ಒಂದೇ ಮಾತು ಹೇಳಿದ ಅಪರೂಪದ ಸಂದರ್ಭವಾದ್ದರಿಂದ ನಮಗೆ ಸಂಶಯ ಹುಟ್ಟಿ, ಸ್ವತಂತ್ರ ಪರಿಶೀಲನೆಗೆ ಇಳಿಯಬೇಕಾಯಿತು.

ಪೂರ್ವಪಕ್ಷ ನಿಧಾನವಾದಿಗಳದು: ನಿಧಾನ ಹೋದಷ್ಟೂ ಉಳಿತಾಯ. ಇದಕ್ಕೆ ಖಂಡನೆ ಹೀಗೆ. ನಿಧಾನವೇ ಉಳಿತಾಯವಾಗಿದ್ದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಇಡೀ ಭರತಖಂಡದ ಪೆಟ್ರೋಲ್ ಸಂರಕ್ಷಣಾ ಕೇಂದ್ರವಾಗಬೇಕಿತ್ತು. ನಿಂತ ಗಾಡಿಯ ಎಂಜಿನ್ ಕೂಡ ತನ್ನ ಒಳಗಿನ ಘರ್ಷಣೆಗೆಂದು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಕ್ರಮಿಸಿದ ದೂರ ಸೊನ್ನೆ, ಆದ್ದರಿಂದ ಮೈಲೇಜೂ ಸೊನ್ನೆ. ಎರಡನೇ ಗೇರಿನಲ್ಲಿ ತೆವಳುವಾಗ ಈ ಮನೆಖರ್ಚನ್ನು ಹಂಚಲು ಸಿಗುವ ಕಿಲೋಮೀಟರುಗಳು ಕಡಿಮೆ.

ವೇಗವಾದಿಗಳು ಇನ್ನೂ ಸುಲಭವಾಗಿ ಸೋಲುತ್ತಾರೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ನಮ್ಮಲ್ಲಿರುವುದು ನಲವತ್ತಕ್ಕೂ ಕಡಿಮೆ ಅಶ್ವಶಕ್ತಿ, ಅದರಲ್ಲೂ ಕೆಲವು ಅಶ್ವಗಳಿಗೆ ವಯಸ್ಸಾಗಿದೆ. ಹಾಗಾಗಿ ಸಿದ್ಧಾಂತ: ನಾಲ್ಕನೇ ಗೇರು ಗೊಣಗದೆ ಎಳೆಯುವ ಅತಿ ಕಡಿಮೆ ವೇಗಕ್ಕಿಂತ ತುಸು ಮೇಲಿನದೇ ಪರಮಮಿತವೇಗ. ಅದು ಐವತ್ತರ ಆಸುಪಾಸು. ಮೆಕ್ಯಾನಿಕ್ ಹೇಳಿದ್ದು ಸರಿ. ಪ್ರಬಂಧ ಇಲ್ಲಿಗೇ ಮುಗಿಯಬಹುದಿತ್ತು, ಆದರೆ ಮಾಪನದ ಸಮಸ್ಯೆ ಉಳಿದಿದೆ.

ಅಳೆಯುವ ವಿಧಾನವೇನೋ ಸರಳ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸುವುದು. ಆದರೆ ಹಳೆಯ ಗಾಡಿಯ ಒಡೆಯರು ಟ್ಯಾಂಕ್ ಫುಲ್ ಮಾಡಿಸುವ ಸಂಪ್ರದಾಯದವರಲ್ಲ. "ಐನೂರಕ್ಕೆ ಹಾಕಪ್ಪ" ಎನ್ನುವವರಿಗೆ ಲೀಟರ್ ಎಂಬುದು ಬರಿಯ ಶ್ರುತಿ. ಇನ್ನೊಂದು ತೊಡಕು ಟೈರಿನದು. ಟೈರ್ ಸವೆದಂತೆ ಅದರ ಸುತ್ತಳತೆ ಕುಗ್ಗುತ್ತದೆ, ಅದೇ ದೂರಕ್ಕೆ ಚಕ್ರ ಹೆಚ್ಚು ಸುತ್ತು ಹಾಕುತ್ತದೆ, ಮೀಟರು ಹೆಚ್ಚು ಕಿಲೋಮೀಟರ್ ತೋರಿಸುತ್ತದೆ. 800ರ ಪುಟ್ಟ ಚಕ್ರದಲ್ಲಿ ಇದು ಶೇಕಡಾ ಎರಡರಷ್ಟಾಗಬಹುದು. ಸಾಲದ್ದಕ್ಕೆ, ಸವೆದ ಟೈರು ಉರುಳಲು ತೆಗೆದುಕೊಳ್ಳುವ ಶಕ್ತಿಯೂ ಕಡಿಮೆ. ಅಂತೂ ಬೋಳು ಟೈರಿನ ಗಾಡಿ ಅರ್ಧ ನಿಜವಾಗಿ, ಅರ್ಧ ಸುಳ್ಳಾಗಿ ಒಳ್ಳೆಯ ಮೈಲೇಜ್ ಕೊಡುತ್ತದೆ. ಅದು ನಿಲ್ಲುತ್ತದೆಯೇ ಎಂಬುದು ಬ್ರೇಕ್ ಮೀಮಾಂಸೆಗೆ ಸೇರಿದ ಪ್ರಶ್ನೆ.

ಘಟ್ಟದಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಯುವ ಪಂಥವೊಂದುಂಟು. ಚಾರ್ಮಾಡಿಯಲ್ಲಿ ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರು ಇದರ ಉಗ್ರ ಶಾಖೆ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಿಂತು ಎರಡು ಸಲ ಪೆಡಲ್ ಒತ್ತುವಷ್ಟರಲ್ಲಿ ಬೂಸ್ಟರಿನ ಬಲ ಮುಗಿದು, ಪೆಡಲ್ ಕಲ್ಲಾಗುತ್ತದೆ. ಇವರ ವಾದಕ್ಕೆ ಉತ್ತರವನ್ನು ಮುಂದಿನ ತಿರುವು ಕೊಡುವುದರಿಂದ ನಾವು ಕೊಡುವುದಿಲ್ಲ.

ಕೊನೆಯದಾಗಿ, ಪರಮಮಿತವೇಗ ದೊರೆಯುವ ಸ್ಥಳ. ಐವತ್ತನ್ನು ಅಲುಗಾಡದೆ ಹಿಡಿದಿಟ್ಟುಕೊಳ್ಳಬಹುದಾದ ದಾರಿ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಹಂಪ್ ಕಂಡಲ್ಲೆಲ್ಲ ಬ್ರೇಕ್, ಮತ್ತೆ ಎರಡನೇ ಗೇರು. ಕಷ್ಟಪಟ್ಟು ಗಳಿಸಿದ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಮೇಲೆ ಐವತ್ತು ಸಲೀಸಾಗಿ ದಕ್ಕುತ್ತದೆ, ಹಿಂದಿನ ಲಾರಿಯ ಹಾರನ್ನನ್ನು ಮಂಗಳವಾದ್ಯವೆಂದು ಭಾವಿಸಿದರೆ. ಹೀಗೆ ಮೈಸೂರು ಮುಟ್ಟುವಷ್ಟರಲ್ಲಿ ಒಂದೂವರೆ ಲೀಟರ್ ಉಳಿಯಿತೆಂದೇ ಇಟ್ಟುಕೊಳ್ಳೋಣ. ದಾರಿಯ ಎರಡು ಟೋಲ್‌ಗಳಿಗೆ ಆ ದುಡ್ಡು ಸಾಲದು.

ಎಸಿ ಹಾಕುವುದು ಲಾಭವೋ ಗಾಜು ಇಳಿಸುವುದು ಲಾಭವೋ ಎಂಬ ಅಧ್ಯಾಯವನ್ನು ಇಲ್ಲಿ ಸೇರಿಸಿಲ್ಲ. ಪರೀಕ್ಷಾವಾಹನದಲ್ಲಿ ಎಸಿಯ ಸ್ವಿಚ್ ಮಾತ್ರ ಇದೆ. ಗಾಜು ಒಮ್ಮೆ ಇಳಿದರೆ ಮೇಲೆ ಬರುವುದಿಲ್ಲ.